ಬೀಟೆ ನೆಟ್ಟವರ ಮೊಮ್ಮಕ್ಕಳಿಗೆ ಬೀಟೆ ಸಿಗಲಿ: ಕೊಡಗಿನ ಬಾಣೆಯಿಂದ ಒಂದು ಬಹಿರಂಗ ಪತ್ರ

ಅರಣ್ಯ ಇಲಾಖೆ ಮತ್ತು ಕಂದಾಯ ಇಲಾಖೆಯ ಹಿರಿಯ ಅಧಿಕಾರಿಗಳಿಗೆ, ಕೊಡಗಿನ ಶಾಸಕರಿಗೆ, ಜೊತೆಗೆ ಬಾಣೆ ಇರುವ ಎಲ್ಲ ಒಕ್ಕಗಳಿಗೆ (ಕೊಡವ ಮನೆತನಗಳಿಗೆ),

ನಮಸ್ಕಾರ.

ಒಂದು ವಿಷಯ ಕೇಳುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಬಾಣೆಯಲ್ಲಿ ನಾವು ಕೈಯಾರೆ ನೆಡುವ ಬೀಟೆ, ಹೊನ್ನೆ, ನಂದಿ, ಮತ್ತಿ ಗಿಡಗಳನ್ನು ನೆಟ್ಟ ವರ್ಷವೇ ಸರ್ಕಾರ ಬರೆದಿಟ್ಟುಕೊಳ್ಳಲಿ. ಈ ಮರ ನೆಟ್ಟ ಕುಟುಂಬದ್ದು, ಅವರ ಮಕ್ಕಳದ್ದು, ಮೊಮ್ಮಕ್ಕಳದ್ದು ಅಂತ ಒಂದು ಕಾಗದ ಕೊಡಲಿ. ನಾನು ಕೇಳುತ್ತಿರುವುದು ಇಷ್ಟೇ. ಯಾಕೆ ಕೇಳುತ್ತಿದ್ದೇನೆ ಅನ್ನುವುದನ್ನು ಮಾತ್ರ ಸ್ವಲ್ಪ ಉದ್ದಕ್ಕೆ ಹೇಳಬೇಕು, ದಯವಿಟ್ಟು ಪೂರ್ತಿ ಓದಿ.

ಕೊಡಗಿನ ಹೊರಗಿನವರಿಗೆ ಬಾಣೆ ಅಂದರೆ ಏನು ಅಂತ ಗೊತ್ತಿರಲಿಕ್ಕಿಲ್ಲ. ಗದ್ದೆ ಇದ್ದ ಕುಟುಂಬಕ್ಕೆ ಆ ಗದ್ದೆಯ ಜೊತೆಗೇ ಸೇರಿಕೊಂಡು ಬಂದ ಕಾಡುಭೂಮಿ ಅದು. ಗದ್ದೆಗೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು, ಮನೆ ರಿಪೇರಿಗೆ ಮರ, ಎಲ್ಲವೂ ಅಲ್ಲಿಂದಲೇ ಬರಬೇಕಿತ್ತು. ಬಾಣೆ ಸೇರಿಕೊಂಡಿರುವ ಜಮ್ಮಾ ಭೂಮಿ, ಅಂದರೆ ವಂಶಪಾರಂಪರ್ಯವಾಗಿ ಬಂದ ಭೂಮಿ, ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದ್ದು. 1834ರಲ್ಲಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡ ಮೇಲೂ ಅದು ಉಳಿಯಿತು. 1899ರಲ್ಲಿ ಅವರು ಮಾಡಿದ ಭೂಕಂದಾಯ ಕಾನೂನಿನಲ್ಲಿ ಬಾಣೆಗೆ ಒಂದು ಜಾಗ ಸಿಕ್ಕಿತು. ಆಮೇಲೆ ನಮ್ಮದೇ ರಾಜ್ಯದ 1964ರ ಭೂಕಂದಾಯ ಕಾಯ್ದೆಯ 79ನೇ ಕಲಂನಲ್ಲೂ ಅದರ ಹೆಸರಿದೆ. ಅದೇ ಕಲಂನಲ್ಲಿ ಇಂಥದ್ದೇ ಜಮೀನುಗಳಾದ ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ, ಹಳೇ ಮೈಸೂರು ಸೀಮೆಯ ಕಾನು ಮತ್ತು ಸೊಪ್ಪಿನಬೆಟ್ಟ ಕೂಡ ಇವೆ. ಹಾಗಾಗಿ ಇದನ್ನು ಕೊಡಗಿನವರ ತಕರಾರು ಅಂತ ಬದಿಗಿಡಬೇಡಿ. ಶಿರಸಿಯ ಬೆಟ್ಟದವರೂ ಸೊರಬದ ಕಾನಿನವರೂ ಇದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳುತ್ತಾ ಬಂದಿದ್ದಾರೆ.

ಒಕ್ಕದ ಮೂಲಮನೆಗಳಾದ ಐನ್‌ಮನೆಗಳನ್ನು ನೋಡಿದವರಿಗೆ ಬಾಣೆಯ ಬೆಲೆ ಬೇಗ ಅರ್ಥವಾಗುತ್ತದೆ. ಕಂಬ, ತೊಲೆ, ಬಾಗಿಲಿನ ದಾರಂದ, ಕೈಯಾಲೆಯಲ್ಲಿ (ಜಗಲಿಯಲ್ಲಿ) ಕೂರುವ ಹಲಗೆಯಾದ ಐಮರ, ಎಲ್ಲವೂ ಗಟ್ಟಿ ಜಾತಿಯ ಮರದ್ದು. ಎಷ್ಟೋ ಮನೆಗಳಲ್ಲಿ ಇಡೀ ಐಮರ ಒಂದೇ ಹಲಗೆ. ಅಷ್ಟು ಅಗಲದ ಹಲಗೆ ಬರಬೇಕಾದರೆ ಮರಕ್ಕೆ ಎಷ್ಟು ವಯಸ್ಸಾಗಿರಬೇಕು, ಯೋಚನೆ ಮಾಡಿ. ಆ ಮರವನ್ನು ಕಡಿದವರು ಅದನ್ನು ಬೆಳೆಸಿದವರಲ್ಲ. ಯಾರೋ ಉಳಿಸಿಕೊಟ್ಟಿದ್ದನ್ನು ಅವರು ಬಳಸಿದರು. ಈಗ ಅಂಥ ಐಮರ ಒಡೆದರೆ ಬದಲಿಗೆ ಹಾಕೋಣ ಅಂದರೆ ನಮ್ಮ ಬಾಣೆಯಲ್ಲಿ ಮರವಿಲ್ಲ. ಇದ್ದರೂ ಮುಟ್ಟುವ ಹಾಗಿಲ್ಲ.

ಹಾಗಾದರೆ ಬಾಣೆಯಲ್ಲಿ ಈಗ ಏನಿದೆ? ಕಾಫಿ ಇದೆ. ಕಾಫಿಯ ಮೇಲೆ ನೆರಳಿಗೆ ಸಿಲ್ವರ್ ಓಕ್ ಇದೆ. ಕೊಡಗು ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ. ನಮ್ಮ ಕಾಫಿಯ ದೊಡ್ಡ ಹೆಗ್ಗಳಿಕೆ ಅಂದರೆ ಅದು ನೆರಳಿನಲ್ಲಿ ಬೆಳೆಯುತ್ತದೆ ಅನ್ನುವುದು. ಆದರೆ ಯಾವ ಮರದ ನೆರಳು? ಹಿಂದೆ ಅದು ಬೀಟೆ, ನಂದಿ, ಹೊನ್ನೆ, ಹಲಸು, ಬಿಲ್ವಾರ, ಹೆಬ್ಬಲಸು, ಅತ್ತಿ, ಬಸರಿಗಳ ನೆರಳಾಗಿತ್ತು. ಈಗ ಎಷ್ಟೋ ತೋಟಗಳಲ್ಲಿ ತಲೆಯೆತ್ತಿ ನೋಡಿದರೆ ಒಂದೇ ಮರ, ಆಸ್ಟ್ರೇಲಿಯಾದ ಪೂರ್ವ ಕರಾವಳಿಯಿಂದ ಬಂದದ್ದು.

ಸಿಲ್ವರ್ ಓಕ್ ನೆಟ್ಟವರನ್ನು ನಾನು ದೂರುತ್ತಿಲ್ಲ. ನಮ್ಮ ತೋಟದಲ್ಲೂ ಇದೆ. ನೇರವಾಗಿ ಬೆಳೆಯುತ್ತದೆ, ಬೇಗ ಬೆಳೆಯುತ್ತದೆ, ಕರಿಮೆಣಸಿನ ಬಳ್ಳಿ ಹಬ್ಬಿಸಲು ಸಲೀಸು. ಇಪ್ಪತ್ತು, ಇಪ್ಪತ್ತೈದು ವರ್ಷಕ್ಕೆ ಕೈಗೆ ಬರುತ್ತದೆ, ಮಗಳ ಓದಿಗೋ ಮದುವೆಗೋ ಆಗುತ್ತದೆ. ಆದರೆ ಇವೆಲ್ಲಕ್ಕಿಂತ ದೊಡ್ಡ ಕಾರಣ ಒಂದಿದೆ, ಅದು ನಿಮ್ಮ ಕಾನೂನಿನಲ್ಲೇ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡದ ಮರಗಳ ಪಟ್ಟಿ ಇದೆ. ಸಿಲ್ವರ್ ಓಕ್ ಅದರಲ್ಲಿದೆ. ನೀಲಗಿರಿ ಇದೆ, ಸರ್ವೆ ಮರ ಇದೆ, ಸುಬಾಬುಲ್ ಇದೆ, ರಬ್ಬರ್ ಇದೆ. ಬೀಟೆ ಇಲ್ಲ. ಹೊನ್ನೆ ಇಲ್ಲ. ಅಂದರೆ ಹೊರಗಿನಿಂದ ಬಂದ ಮರ ನೆಟ್ಟರೆ ಅದು ನಿನ್ನದು, ಈ ಮಣ್ಣಿನದೇ ಮರ ನೆಟ್ಟರೆ ಅದು ನಿನ್ನದೋ ಅಲ್ಲವೋ ಮುಂದೆ ನೋಡೋಣ ಅಂತ ಕಾನೂನು ರೈತನಿಗೆ ಹೇಳಿದ ಹಾಗಾಯಿತು. ರೈತ ಕಾನೂನನ್ನು ಓದಿರದಿದ್ದರೂ ಅದರ ಮಾತು ಅವನಿಗೆ ಚೆನ್ನಾಗಿಯೇ ಕೇಳಿಸಿದೆ.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಗಂಟು ಸೇರಿಕೊಂಡಿದೆ. ಇಲ್ಲಿ ಭೂಮಿ ರಿಡೀಮ್ಡ್, ಅನ್‌ರಿಡೀಮ್ಡ್ ಅಂತ ಎರಡು ಬಗೆ. ಹಿಂದೆ ಯಾವಾಗಲೋ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿದ್ದರೆ ಅದು ರಿಡೀಮ್ಡ್, ಮರದ ಹಕ್ಕು ನಮ್ಮದು. ಕಟ್ಟಿಲ್ಲದಿದ್ದರೆ ಭೂಮಿ ನಮ್ಮ ಹೆಸರಿನಲ್ಲಿದ್ದರೂ ಮರದ ಮೇಲೆ ಸರ್ಕಾರದ ಹಕ್ಕು. ಕಂದಾಯ ನಾವು ಕಟ್ಟುತ್ತೇವೆ. ಕಳೆ ನಾವು ತೆಗೆಯುತ್ತೇವೆ, ಬೇಸಿಗೆಯಲ್ಲಿ ಬೆಂಕಿ ಬೀಳದ ಹಾಗೆ ನಾವು ಕಾಯುತ್ತೇವೆ. ನೂರು ವರ್ಷದ ಹಳೇ ಮರದ ಮೇಲೆ ಸರ್ಕಾರ ಹಕ್ಕು ಕೇಳುವುದನ್ನಾದರೂ ಒಪ್ಪಬಹುದು. ಅದನ್ನು ನಾವು ನೆಟ್ಟಿಲ್ಲ. ಆದರೆ ಮುಂದಿನ ಜೂನ್‌ನಲ್ಲಿ ನಾನು ನೆಡುವ ಬೀಟೆ ಗಿಡ ಐವತ್ತು ವರ್ಷ ಬೆಳೆದ ಮೇಲೆ ಅದು ನೆಟ್ಟಿದ್ದೋ ತಾನಾಗಿ ಹುಟ್ಟಿದ್ದೋ ಅಂತ ನನ್ನ ಮೊಮ್ಮಗ ಯಾರ ಮುಂದೆ ಹೇಗೆ ಸಾಬೀತು ಮಾಡುವುದು? ಅವನ ಹತ್ತಿರ ದಾಖಲೆ ಇರುವುದಿಲ್ಲ. ಅಧಿಕಾರಿಯ ಹತ್ತಿರವೂ ಇರುವುದಿಲ್ಲ. ಆಗ ಅನುಮಾನದ ಲಾಭ ಯಾರಿಗೆ ಹೋಗುತ್ತದೆ ಅಂತ ನಮಗೆಲ್ಲ ಗೊತ್ತು, ಅಲ್ವಾ?

ನಮ್ಮ ಮನೆಯಲ್ಲೇ ನಡೆದದ್ದೊಂದು ಹೇಳುತ್ತೇನೆ. ಮಳೆಗಾಲದ ಗಾಳಿಗೆ ಬಾಣೆಯಲ್ಲಿ ಒಂದು ದೊಡ್ಡ ಹೊನ್ನೆ ಬುಡಸಮೇತ ಬಿತ್ತು. ನಾವು ಕಡಿದಿದ್ದಲ್ಲ, ಬಿದ್ದದ್ದು. ಐನ್‌ಮನೆಯ ತೊಲೆ ಬದಲಾಯಿಸಲು ಅದನ್ನು ಕೊಯ್ಯಿಸಿಕೊಳ್ಳುತ್ತೇವೆ ಅಂತ ಅರ್ಜಿ ಕೊಟ್ಟೆವು. ಒಂದು ಕಚೇರಿಯವರು ಪಹಣಿ ಕೇಳಿದರು, ಇನ್ನೊಂದು ಕಚೇರಿಯವರು ಜಂಟಿ ಸರ್ವೆ ಆಗಬೇಕು ಅಂದರು, ಖಾತೆ ಒಕ್ಕದ ಹಿರಿಯರಾದ ಪಟ್ಟೆದಾರರ ಹೆಸರಲ್ಲಿದೆ, ಅವರು ತೀರಿಹೋಗಿದ್ದಾರೆ, ಉಳಿದ ಎಲ್ಲರ ಸಹಿ ತನ್ನಿ ಅಂದರು, ಆ ಎಲ್ಲರೂ ಬೆಂಗಳೂರು, ಮೈಸೂರು, ದುಬೈ ಅಂತ ಚದುರಿಹೋಗಿದ್ದಾರೆ. ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ಓಡಾಡುವಷ್ಟರಲ್ಲಿ ಹೊನ್ನೆಯ ಹೊರಮರ ಗೆದ್ದಲಿಗೆ ಹೋಯಿತು. ತಿರುಳು ಉಳಿದಿತ್ತು, ಅದು ಹೊನ್ನೆಯ ಗುಣ. ಆದರೆ ಅನುಮತಿ ಬರುವ ಹೊತ್ತಿಗೆ ಮನೆಯವರಿಗೇ ಸಾಕಾಗಿತ್ತು. ತೊಲೆಯ ಜಾಗಕ್ಕೆ ಕಬ್ಬಿಣದ ಪೈಪ್ ಹಾಕಿಸಿದೆವು. ಇದೆಲ್ಲವನ್ನೂ ಪಕ್ಕದಲ್ಲೇ ನಿಂತು ನೋಡಿದ ನನ್ನ ತಮ್ಮನ ಮಗ ಇನ್ನು ಜೀವನದಲ್ಲಿ ಹೊನ್ನೆ ಗಿಡ ನೆಡುತ್ತಾನಾ? ಅವನು ಸಿಲ್ವರ್ ನೆಡುತ್ತಾನೆ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ಭಯವನ್ನೂ ಹೇಳಿಬಿಡಬೇಕು, ಯಾಕೆಂದರೆ ಊರಲ್ಲಿ ಎಲ್ಲರೂ ಮಾತಾಡಿದರೂ ಸಭೆಯಲ್ಲಿ ಯಾರೂ ಹೇಳುವುದಿಲ್ಲ. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಗೋದಾವರ್ಮನ್ ಪ್ರಕರಣದಲ್ಲಿ ಒಂದು ದೊಡ್ಡ ಆದೇಶ ಕೊಟ್ಟಿತು. ಭೂಮಿ ಯಾರ ಹೆಸರಿನಲ್ಲೇ ಇರಲಿ, ಅದು ಕಾಡಿನ ಹಾಗಿದ್ದರೆ ಕಾಡೇ ಅಂತ ಪರಿಗಣಿಸಬೇಕು ಅಂದಿತು. ದೇಶದ ಎಷ್ಟೋ ಕಾಡು ಆ ಆದೇಶದಿಂದ ಉಳಿದಿದೆ. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅದರ ಬೆನ್ನಿಗೇ ನಮ್ಮ ರಾಜ್ಯದಲ್ಲಿ ಹೀಗೆ ಕಾಡು ಅಂತ ಪರಿಗಣಿಸಿದ ಜಾಗಗಳ, ಅಂದರೆ ಡೀಮ್ಡ್ ಅರಣ್ಯದ ಪಟ್ಟಿ ಬಂತು. ಮೊದಲು ಸುಮಾರು 9.94 ಲಕ್ಷ ಹೆಕ್ಟೇರ್ ಅಂದರು, ವರ್ಷಗಟ್ಟಲೆ ಜಗ್ಗಾಟ ನಡೆದು 2022ರಲ್ಲಿ ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಿದರು. ಆ ಜಗ್ಗಾಟದಲ್ಲಿ ಮಲೆನಾಡಿನ ಜನ ಒಂದು ಪಾಠ ಕಲಿತುಬಿಟ್ಟರು. ಬಾಣೆಯನ್ನು ಬೋಳು ಮಾಡಿದವನಿಗೆ ತೊಂದರೆ ಇಲ್ಲ, ಮರ ಉಳಿಸಿಕೊಂಡವನಿಗೆ ಮಾತ್ರ ನೋಟಿಸಿನ ಭಯ. ಇದು ತಪ್ಪು ಪಾಠ ಇರಬಹುದು. ಆದರೆ ಅದನ್ನು ಅಳಿಸಿಹಾಕುವ ಕೆಲಸ ಸರ್ಕಾರದಿಂದಲೇ ಆಗಬೇಕು. ನಾವು ಊರಿನಲ್ಲಿ ಬಾಯಿಮಾತಿನಲ್ಲಿ ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ.

ಈಗ ನಿಮ್ಮದೇ ಇಲಾಖೆ ಮಾಡಿದ ಒಂದು ಒಳ್ಳೆಯ ಕೆಲಸ ನೆನಪಿಸುತ್ತೇನೆ. ಗಂಧದ ಮರ. ಟಿಪ್ಪು ಸುಲ್ತಾನ್ 1792ರಲ್ಲಿ ಅದನ್ನು ರಾಜವೃಕ್ಷ ಅಂತ ಘೋಷಿಸಿದ. ಅಂದಿನಿಂದ ಎರಡು ಶತಮಾನಕ್ಕೂ ಹೆಚ್ಚು ಕಾಲ ನಮ್ಮ ಜಮೀನಿನಲ್ಲಿ ಹುಟ್ಟಿದ ಗಂಧ ನಮ್ಮದಾಗಿರಲಿಲ್ಲ. ಹಾಗಾಗಿ ಜನ ಏನು ಮಾಡುತ್ತಿದ್ದರು? ಬೇಲಿಯಲ್ಲಿ ಗಂಧದ ಸಸಿ ಕಂಡರೆ ಯಾರಿಗೂ ಕಾಣದ ಹಾಗೆ ಕಿತ್ತು ಬಿಸಾಕುತ್ತಿದ್ದರು. ಮುಂದೆ ಕಳ್ಳರ ಕಾಟವೂ ಬೇಡ, ಪೊಲೀಸರ ವಿಚಾರಣೆಯೂ ಬೇಡ ಅಂತ. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಆಯಿತು, ಜಮೀನಿನ ಗಂಧ ಜಮೀನಿನ ಮಾಲೀಕನದ್ದು ಅಂತಾಯಿತು. ಆಮೇಲೆ ಗಂಧವನ್ನು ಎಕರೆಗಟ್ಟಲೆ ನೆಟ್ಟವರು ಇದೇ ರೈತರು. ಕಳ್ಳತನ ಇನ್ನೂ ಇದೆ, ಮಾರುವಾಗ ಕಷ್ಟವೂ ಇದೆ, ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಆದರೆ ಕಿತ್ತು ಹಾಕುತ್ತಿದ್ದ ಕೈಯೇ ನೀರು ಹಾಕಲು ಶುರು ಮಾಡಿತು. ಬಿದಿರಿನ ವಿಷಯದಲ್ಲೂ ಕೇಂದ್ರ ಸರ್ಕಾರ 2017ರಲ್ಲಿ ಹೀಗೇ ಮಾಡಿತು. ಕಾಡಿನಿಂದ ಹೊರಗೆ ಬೆಳೆದ ಬಿದಿರನ್ನು ಮರದ ಲೆಕ್ಕದಿಂದ ತೆಗೆಯಿತು.

ಗಂಧಕ್ಕೆ, ಬಿದಿರಿಗೆ ಆದದ್ದು ಬೀಟೆಗೆ ಯಾಕೆ ಆಗಬಾರದು?

ಬೀಟೆಯ ಸ್ಥಿತಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅದು ಅಪಾಯಕ್ಕೆ ಸಿಕ್ಕ ಮರ. 2017ರ ಜನವರಿಯಿಂದ ಬೀಟೆಯ ಕುಲದ ಹೆಚ್ಚುಕಡಿಮೆ ಎಲ್ಲ ಜಾತಿಗಳೂ ಸೈಟಿಸ್ ಒಪ್ಪಂದದ 2ನೇ ಅನುಬಂಧದಲ್ಲಿವೆ, ಅಂದರೆ ದೇಶದಿಂದ ದೇಶಕ್ಕೆ ಅದರ ವ್ಯಾಪಾರಕ್ಕೆ ಲಗಾಮು ಬಿದ್ದಿದೆ. ಈ ಕಾವಲು ಬೇಕು. ಈಗ ನಿಂತಿರುವ ಹಳೇ ಬೀಟೆಗಳನ್ನು ಕಡಿಯಲು ಬಿಡಿ ಅಂತ ನಾನು ಕೇಳುತ್ತಿಲ್ಲ. ಇದನ್ನು ಎರಡು ಸಲ ಓದಿಕೊಳ್ಳಿ, ದಯವಿಟ್ಟು. ಹಳೇ ಮರಗಳು ಈಗಿನ ಕಾನೂನಿನಲ್ಲೇ ಇರಲಿ, ಇನ್ನೂ ಬಿಗಿ ಮಾಡಿದರೂ ನನಗೆ ಸಂತೋಷವೇ. ಅವು ಉಳಿದರೆ ತಾನೇ ನಮಗೆ ಬೀಜ. ನಾನು ಕೇಳುತ್ತಿರುವುದು ಇನ್ನೂ ನೆಡದ ಮರಗಳ ಬಗ್ಗೆ. ಬರೀ ಕಾವಲಿನಿಂದ ಇದ್ದದ್ದು ಉಳಿಯಬಹುದು, ಹೊಸದು ಹುಟ್ಟುವುದಿಲ್ಲ. ತೋಟದೊಳಗೆ ಬೀಟೆ ತಾನಾಗಿ ಬೇರಿನಿಂದ ಚಿಗುರುತ್ತದೆ, ಬೀಜದಿಂದಲೂ ಬರುತ್ತದೆ. ಕಳೆ ತೆಗೆಯುವಾಗ ಆ ಸಸಿಯನ್ನು ಬಿಡಬೇಕೋ ಸವರಬೇಕೋ ಅಂತ ತೀರ್ಮಾನ ಆಗುವುದು ಕತ್ತಿ ಹಿಡಿದವನ ಕೈಯಲ್ಲಿ. ಪ್ರತಿ ವರ್ಷ, ಪ್ರತಿ ತೋಟದಲ್ಲಿ ಆ ತೀರ್ಮಾನ ನಡೆಯುತ್ತದೆ. ಅಲ್ಲಿ ನಿಮ್ಮ ಗಾರ್ಡ್ ಇರುವುದಿಲ್ಲ.

ಕಳ್ಳಸಾಗಣೆಯ ಪ್ರಶ್ನೆ ಬರುತ್ತದೆ, ಬರಲೇಬೇಕು. ಬಾಣೆಯ ಮರಕ್ಕೆ ಹಕ್ಕು ಕೊಟ್ಟರೆ ಮೀಸಲು ಕಾಡಿನ ಮರ ಕದ್ದು ಬಾಣೆಯ ಮರ ಅಂತ ಸಾಗಿಸುತ್ತಾರೆ ಅನ್ನುತ್ತೀರಿ. ಈಗಿನ ಪದ್ಧತಿಯಲ್ಲಿ ಅದು ನಿಜ. ಈಗ ಎಲ್ಲ ಪರೀಕ್ಷೆಯೂ ಕಡಿಯುವ ದಿನ ನಡೆಯುತ್ತದೆ, ಆ ದಿನ ಮರ ಎಲ್ಲಿಂದ ಬಂತು ಅಂತ ಹೇಳುವುದು ಕಷ್ಟ. ಪರೀಕ್ಷೆಯನ್ನು ನೆಡುವ ದಿನಕ್ಕೆ ತನ್ನಿ. ಸಸಿ ಮೊಣಕಾಲೆತ್ತರ ಇರುವಾಗಲೇ ಜಾಗದ ಗುರುತಿನ ಸಮೇತ ಫೋಟೋ ತೆಗೆದು, ಸರ್ವೆ ನಂಬರ್, ಜಾತಿ, ಸಂಖ್ಯೆ, ನೆಟ್ಟ ವರ್ಷ ಬರೆದು ಪೋರ್ಟಲ್‌ಗೆ ಹಾಕಿ. ಐದು ವರ್ಷಕ್ಕೊಮ್ಮೆ ಇನ್ನೊಂದು ಫೋಟೋ. ನಲವತ್ತು ವರ್ಷ ಆದ ಮೇಲೆ ಆ ಜಾಗದಲ್ಲಿ ನಲವತ್ತು ವರ್ಷದ ಮರವೇ ಇರಬೇಕು. ನೂರೈವತ್ತು ವರ್ಷದ ದಿಮ್ಮಿಯನ್ನು ತಂದು ಇದು ಅದೇ ಮರ ಅಂತ ಯಾರಿಗೂ ಹೇಳಲಾಗುವುದಿಲ್ಲ. ಇದರಿಂದ ಕಳ್ಳನಿಗೆ ಕಷ್ಟ ಜಾಸ್ತಿ ಆಗುತ್ತದೆ, ಪ್ರಾಮಾಣಿಕನಿಗೆ ಕಮ್ಮಿ ಆಗುತ್ತದೆ.

ಇದು ನನ್ನ ಕಲ್ಪನೆಯೂ ಅಲ್ಲ. ಕೇಂದ್ರ ಪರಿಸರ ಸಚಿವಾಲಯ 2025ರ ಜೂನ್‌ನಲ್ಲಿ ಕೃಷಿಭೂಮಿಯ ಮರ ಕಡಿಯುವುದಕ್ಕೆ ಮಾದರಿ ನಿಯಮಗಳನ್ನು ರಾಜ್ಯಗಳಿಗೆ ಕಳಿಸಿತು. ಅದರಲ್ಲಿ ನೆಟ್ಟದ್ದನ್ನು ಪೋರ್ಟಲ್‌ನಲ್ಲಿ ಜಾಗದ ಗುರುತಿನೊಂದಿಗೆ ನೋಂದಾಯಿಸುವ ದಾರಿ ಇದೆ. ಅದಕ್ಕೂ ಮೊದಲು, 2014ರಲ್ಲೇ, ರಾಷ್ಟ್ರೀಯ ಕೃಷಿ ಅರಣ್ಯ ನೀತಿ ಬಂದು ಕಡಿಯುವ, ಸಾಗಿಸುವ ನಿಯಮಗಳನ್ನು ಸರಳ ಮಾಡಿ ಅಂದಿತ್ತು. ಅಂಥ ನೀತಿ ತಂದ ಮೊದಲ ದೇಶ ನಮ್ಮದು. ದಾರಿ ಇದೆ ಅಂದಮೇಲೆ ಅದು ಬಾಣೆಯವರೆಗೂ ಬರಬೇಕಲ್ಲ? ಸಾಮಾನ್ಯ ಹಿಡುವಳಿ ಜಮೀನಿಗೆ ಮಾತ್ರ ಅಂತ ನಿಯಮ ಮಾಡಿ, ಜಮ್ಮಾ ಬಾಣೆ, ಕುಮ್ಕಿ, ಬೆಟ್ಟ, ಸೊಪ್ಪಿನಬೆಟ್ಟಗಳನ್ನು ಹೊರಗಿಟ್ಟರೆ ಗಟ್ಟಿ ಮರ ಬೆಳೆಯುವ ಮಣ್ಣನ್ನೇ ಹೊರಗಿಟ್ಟ ಹಾಗೆ. ಅನ್‌ರಿಡೀಮ್ಡ್ ಜಾಗದಲ್ಲೂ, ಈ ವರ್ಷದಿಂದ ನೆಟ್ಟು ನೋಂದಾಯಿಸಿದ ಮರಕ್ಕೆ ಮರದ ಬೆಲೆ ಕೇಳಬಾರದು. ಆ ಹಕ್ಕು ವಾರಸುದಾರರಿಗೆ ಹೋಗಬೇಕು. ಹೀಗೆ ನೆಟ್ಟು ಬೆಳೆಸಿದ ಜಾಗವನ್ನು ಮುಂದೆ ಡೀಮ್ಡ್ ಅರಣ್ಯದ ಪಟ್ಟಿಗೆ ಸೇರಿಸುವುದಿಲ್ಲ ಅಂತ ಬರವಣಿಗೆಯಲ್ಲಿ ಭರವಸೆ ಬೇಕು. ಸುತ್ತೋಲೆಯಲ್ಲಿ ಬೇಡ. ಸುತ್ತೋಲೆ ಅಧಿಕಾರಿ ಬದಲಾದರೆ ಬದಲಾಗುತ್ತದೆ, ಬೀಟೆ ಬೆಳೆಯುವಷ್ಟರಲ್ಲಿ ಎಷ್ಟು ಸರ್ಕಾರ ಬಂದು ಹೋಗುತ್ತವೆ ಲೆಕ್ಕ ಹಾಕಿ. ನಿಯಮದಲ್ಲೇ ಬರಲಿ.

ಸಹಾಯಧನದ ಬಗ್ಗೆ ಒಂದೆರಡು ಮಾತು. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ಇದೆ, ಅದು ಒಳ್ಳೆಯ ಯೋಜನೆ. ಬದುಕಿದ ಗಿಡಕ್ಕೆ ಮೊದಲ ವರ್ಷ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ ಅನ್ನುವ ಲೆಕ್ಕ ಅದರದ್ದು. ಆದರೆ ಮೂರು ವರ್ಷಕ್ಕೆ ನಿಲ್ಲುತ್ತದೆ. ಸಿಲ್ವರ್‌ಗೂ ಹೆಬ್ಬೇವಿಗೂ ಮೂರು ವರ್ಷ ಸಾಕು, ಅಷ್ಟರಲ್ಲಿ ಅವು ತಲೆಯ ಮೇಲೆ ಹೋಗಿರುತ್ತವೆ. ಬೀಟೆಗೆ ಮೂರು ವರ್ಷ ಅಂದರೆ ಅದು ಇನ್ನೂ ಲಂಟಾನದ ಜೊತೆ, ಕಮ್ಯುನಿಸ್ಟ್ ಕಳೆಯ ಜೊತೆ ಗುದ್ದಾಡುತ್ತಿರುವ ಸಮಯ. ಐದನೇ ವರ್ಷ, ಹತ್ತನೇ ವರ್ಷ, ಇಪ್ಪತ್ತನೇ ವರ್ಷ ಸ್ವಲ್ಪ ಸ್ವಲ್ಪ ಕೊಟ್ಟರೆ ಹಣಕ್ಕಿಂತ ಜಾಸ್ತಿ ಒಂದು ಪ್ರಯೋಜನ ಇದೆ. ಪ್ರತಿ ಸಲ ಯಾರೋ ಬಂದು ಮರ ನೋಡಿ ದಾಖಲೆ ಹೊಸದು ಮಾಡುತ್ತಾರೆ. ನಿಮ್ಮ ನರ್ಸರಿಗಳಲ್ಲಿ ತೇಗ, ಸಿಲ್ವರ್ ಸುಲಭವಾಗಿ ಸಿಗುತ್ತದೆ. ಹೆಬ್ಬಲಸು, ನಂದಿ, ಹುಣಾಲು, ಧೂಪ, ಬೋಗಿ ಕೇಳಿದರೆ ಹುಡುಕಬೇಕು. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜೇ ಇದೆ, ಕಾಫಿ ತೋಟದ ನಾಡಮರಗಳ ಬಗ್ಗೆ ಅಲ್ಲಿಯವರು ಎಷ್ಟೋ ವರ್ಷದಿಂದ ಕೆಲಸ ಮಾಡಿದ್ದಾರೆ. ಅವರನ್ನು ಕೇಳಿ ಪ್ರತಿ ಹೋಬಳಿಗೂ ಆ ಊರಿನ ಬೀಜದಿಂದಲೇ ಸಸಿ ಮಾಡಿಸಿ. ದೊಡ್ಡ ಚೀಲದಲ್ಲಿ ಎರಡು ವರ್ಷ ಬೆಳೆಸಿದ ಸಸಿ ಕೊಡಿ. ಬೆರಳುದ್ದದ ಸಸಿಯನ್ನು ಬಾಣೆಗೆ ಹಾಕಿದರೆ ಹಂದಿ, ಕಾಡೆಮ್ಮೆ, ಕಳೆ, ಬೇಸಿಗೆ ಎಲ್ಲವನ್ನೂ ಅದು ಹೇಗೆ ತಡೆಯುತ್ತದೆ?

ಈಗ ಒಕ್ಕದವರೇ, ನಿಮ್ಮ ಹತ್ತಿರ.

ಸರ್ಕಾರ ಕಾಗದ ಕೊಟ್ಟ ಮೇಲೆ ನೆಡೋಣ ಅಂತ ಕೂರಬೇಡಿ. ಕಾಗದ ಹತ್ತು ವರ್ಷ ತಡವಾದರೆ ಮರವೂ ಹತ್ತು ವರ್ಷ ತಡ. ನೆಟ್ಟಿರುವ ಮರ ಕಣ್ಣ ಮುಂದೆ ಇದ್ದರೆ ಕೇಳುವ ಬಾಯಿಗೂ ಬಲ ಬರುತ್ತದೆ. ತೋಟವನ್ನೆಲ್ಲ ಕಿತ್ತು ಕಾಡು ಮಾಡಿ ಅಂತ ನಾನು ಹೇಳುವುದಿಲ್ಲ, ಮೆಣಸಿನ ದುಡ್ಡಿಲ್ಲದೆ ಮನೆ ನಡೆಯುವುದಿಲ್ಲ. ಆದರೆ ಒಂದು ಸಿಲ್ವರ್ ಕಡಿಯುವ ನಾಲ್ಕೈದು ವರ್ಷ ಮುಂಚೆ ಅದರ ಹತ್ತಿರದಲ್ಲೇ ಒಂದು ನಾಡಮರ ನೆಟ್ಟುಬಿಟ್ಟರೆ, ಸಿಲ್ವರ್ ಹೋದ ದಿನ ಆ ಜಾಗ ಖಾಲಿ ಬೀಳುವುದಿಲ್ಲ, ಕಾಫಿಗೆ ಬಿಸಿಲು ಹೊಡೆಯುವುದಿಲ್ಲ. ಬೀಟೆ ಚಿಕ್ಕಂದಿನಲ್ಲಿ ಸ್ವಲ್ಪ ನೆರಳನ್ನು ಸಹಿಸಿಕೊಳ್ಳುತ್ತದೆ, ದ್ವಿದಳ ಜಾತಿ, ಮಣ್ಣಿಗೂ ಒಳ್ಳೆಯದು. ನಂದಿಗೆ ಬೆಳಕು ಬೇಕು, ಅದನ್ನು ತೆರೆದ ಕಡೆ ಹಾಕಿ. ಮೆಣಸು ಹಬ್ಬಿಸಬೇಕು ಅನ್ನುವ ಕಡೆ ಹಲಸು, ಬಿಲ್ವಾರ ಹಾಕಿ. ಹೊಳೆ, ತೋಡಿನ ಬದಿಗೆ ಧೂಪ, ಬೋಗಿ, ನೇರಳೆ. ಅತ್ತಿ, ಬಸರಿಯ ಮರದಿಂದ ಹಲಗೆ ಬರುವುದಿಲ್ಲ, ಸರಿ. ಆದರೆ ಅದರ ಹಣ್ಣಿಗೆ ಬರುವ ಮಂಗಟ್ಟೆ ಹಕ್ಕಿ, ಪಾರಿವಾಳಗಳೇ ಉಳಿದ ಮರಗಳ ಬೀಜವನ್ನು ತಂದು ಹಾಕುತ್ತವೆ. ನೂರು ಗಿಡಕ್ಕೆ ನಾಲ್ಕಾದರೂ ಇರಲಿ. ಎಲ್ಲವೂ ಒಂದೇ ಜಾತಿ ಬೇಡ. ಅದು ಬೀಟೆಯೇ ಆದರೂ ಬೇಡ.

ತೀರಾ ಕಡಿದಾದ ಇಳಿಜಾರು ಇದ್ದರೆ ಅಲ್ಲಿ ಬೆಳೆಯ ಆಸೆಯನ್ನೇ ಬಿಡಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡಗಳು ಜಾರಿದ್ದನ್ನು ನೋಡಿದವರು ನಾವು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯೂ ಕುಸಿಯಿತು. ಅಷ್ಟು ಮಳೆಗೆ ಮರವೊಂದೇ ತಡೆ ಅಂತ ಹೇಳುವುದು ಸರಿಯಲ್ಲ, ರಸ್ತೆಗೆ ಗುಡ್ಡ ಸೀಳಿದ್ದು, ಮನೆಗೆ ಮಟ್ಟ ಮಾಡಿದ್ದು, ಎಲ್ಲವೂ ಅದರಲ್ಲಿದೆ. ಆದರೆ ಆಳಕ್ಕೆ ಬೇರು ಬಿಡುವ ಬಗೆಬಗೆಯ ಮರಗಳಿರುವ ಇಳಿಜಾರನ್ನು ಮುಟ್ಟದೆ ಬಿಡುವುದಕ್ಕಿಂತ ಅಗ್ಗದ ಕಾವಲು ನಮ್ಮ ಕೈಯಲ್ಲಿ ಬೇರೆ ಇಲ್ಲ.

ಒಕ್ಕದೊಳಗೆ ಇನ್ನೊಂದು ಕೆಲಸವೂ ಆಗಬೇಕು, ಇದಕ್ಕೆ ಸರ್ಕಾರ ಬೇಡ. ನೆಟ್ಟ ಮರ ಯಾರದ್ದು ಅಂತ ಈಗಲೇ ಬರೆದಿಡಿ. ನನ್ನ ಅನಿಸಿಕೆ ಅದು ನೆಟ್ಟವನದ್ದಲ್ಲ, ಒಕ್ಕದ್ದು ಆಗಬೇಕು. ಪಾಲಾದಾಗ ಮರ ಯಾರ ಪಾಲಿಗೆ ಬಿತ್ತೋ ಅವನು ಮರುದಿನವೇ ಮಾರಿಬಿಡುವ ಹಾಗಿರಬಾರದು. ಐನ್‌ಮನೆಯ ರಿಪೇರಿಗೆ ಇಷ್ಟು, ಒಕ್ಕದ ಮಕ್ಕಳ ಓದಿಗೆ ಇಷ್ಟು, ಒಂದು ಕಡಿದರೆ ಇಷ್ಟು ನೆಡಬೇಕು ಅಂತ ಒಂದು ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಬೆಂಗಳೂರಲ್ಲಿರುವವರು, ಹೊರದೇಶದಲ್ಲಿರುವವರು ಕೂಡ ಹಾಕಲಿ. ಊರಲ್ಲಿ ಉಳಿದವನು ಒಬ್ಬನೇ ಕಳೆ ಹೊಡೆಯುತ್ತಾ, ಆನೆ ಓಡಿಸುತ್ತಾ ಕೂತಿರುತ್ತಾನೆ, ಹೊರಗಿರುವವರಿಗೆ ಬಾಣೆ ಅಂದರೆ ಪಾಲಿನ ಲೆಕ್ಕ ಮಾತ್ರ ಅಂತಾಗಬಾರದು. ಅವರು ವರ್ಷಕ್ಕೊಮ್ಮೆ ಕಳೆ ತೆಗೆಸುವ ಕೂಲಿ ಕಳಿಸಿದರೂ ದೊಡ್ಡ ಸಹಾಯ. ದೇವರಕಾಡುಗಳು ಸಾವಿರಕ್ಕೂ ಹೆಚ್ಚು ಈ ಜಿಲ್ಲೆಯಲ್ಲಿ ಉಳಿದದ್ದು ಊರಿನವರೆಲ್ಲ ಸೇರಿ ಒಂದು ಕಟ್ಟುಪಾಡು ಹಾಕಿಕೊಂಡಿದ್ದರಿಂದ. ಬಾಣೆಗೂ ಒಂದು ಕಟ್ಟು ಹಾಕಿಕೊಳ್ಳಲು ನಮ್ಮಿಂದ ಆಗುತ್ತದೆ.

ಸುಗ್ಗಿಹಬ್ಬ ಪುತ್ತರಿಗೆ ಹೇಗೂ ಎಲ್ಲರೂ ಐನ್‌ಮನೆಗೆ ಬರುತ್ತಾರೆ. ಆಗಲೇ ಈ ಮಾತು ಎತ್ತಿ. ಅದಾದ ಮೇಲೆ ಬೇಸಿಗೆಯ ಒಳಗೆ ಬೀಟೆಯ ಕಾಯಿ, ಹೊನ್ನೆಯ ಕಾಯಿ ಒಣಗಿ ಉದುರುತ್ತವೆ. ಒಳ್ಳೆಯ ನೇರ ಮರದ ಬುಡದಿಂದ ಆರಿಸಿ, ಜಾಸ್ತಿ ದಿನ ಇಡದೆ ಮಡಿಯಲ್ಲಿ ಹಾಕಿ. ಹೆಬ್ಬಲಸು, ಧೂಪದ ಬೀಜ ಮಾತ್ರ ಬಿದ್ದ ಕೆಲವೇ ದಿನಗಳಲ್ಲಿ ಮಣ್ಣಿಗೆ ಹೋಗಬೇಕು, ಒಣಗಿದರೆ ಹುಟ್ಟುವುದಿಲ್ಲ. ನೆಟ್ಟ ಮೇಲೆ ಪ್ರತಿ ಗಿಡದ ಫೋಟೋ ತೆಗೆದು, ಜಾಗ ಗುರುತು ಮಾಡಿ, ಪಟ್ಟಿ ಮಾಡಿ. ಆ ಪಟ್ಟಿಯ ಒಂದು ಪ್ರತಿಯನ್ನು ವಲಯ ಅರಣ್ಯಾಧಿಕಾರಿ ಕಚೇರಿಗೆ, ಒಂದನ್ನು ತಹಶೀಲ್ದಾರ್ ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ನಿಯಮ ಇನ್ನೂ ಬಂದಿಲ್ಲ ಅಂದರೂ ಕೊಡಿ. ಕಾಗದಕ್ಕೆ ಸೀಲು ಬಿದ್ದರೆ ಸಾಕು.

ಅಧಿಕಾರಿಗಳೇ, ಆ ಪಟ್ಟಿಗಳು ನಿಮ್ಮ ಮೇಜಿಗೆ ಬಂದಾಗ ಇದಕ್ಕೆ ಅವಕಾಶವಿಲ್ಲ ಅಂತ ವಾಪಸ್ ಕಳಿಸಬೇಡಿ. ತೆಗೆದುಕೊಂಡು ಒಂದು ಫೈಲ್ ತೆರೆಯಿರಿ. ಮಾದರಿ ನಿಯಮಗಳನ್ನು ನಮ್ಮ ರಾಜ್ಯಕ್ಕೆ ಹೊಂದಿಸುವಾಗ ಮಡಿಕೇರಿಯಲ್ಲಿ ಒಂದು, ಶಿರಸಿಯಲ್ಲಿ ಒಂದು, ಸಾಗರದಲ್ಲಿ ಒಂದು ಬಹಿರಂಗ ಸಭೆ ಕರೆಯಿರಿ. ನಾವು ಬರುತ್ತೇವೆ, ಪಟ್ಟಿ ಹಿಡಿದುಕೊಂಡೇ ಬರುತ್ತೇವೆ. ಮುಂದಿನ ಮುಂಗಾರಿಗೆ ಮೊದಲು ಆ ಸಭೆಗಳು ಆಗಲಿ ಅನ್ನುವುದು ನನ್ನ ಕೋರಿಕೆ.

ಇಂತಿ,
ದಕ್ಷಿಣ ಕೊಡಗಿನ ಒಬ್ಬ ಬೆಳೆಗಾರ